ಅಪ್ಪನ ಕಾಯಿಲೆ ಡಾಕ್ಟರಿಗೆ ಗೊತ್ತಾಗಲಿಲ್ಲ. ಕೇಸು ಹಾಕಬೇಕಾ, ಬೇಡವಾ?

ರೈಟರ್ ಮಗಳು (2026 ಜನವರಿ 6, ರಾತ್ರಿ 9.40)

ಊರು, ಆಸ್ಪತ್ರೆ, ಡಾಕ್ಟರ ಹೆಸರು ಯಾವುದನ್ನೂ ಹೇಳುವುದಿಲ್ಲ. ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆ ಅಂತ ಇಟ್ಟುಕೊಳ್ಳಿ. ಗೊತ್ತಾದವರು ದಯವಿಟ್ಟು ಇಲ್ಲಿ ಬರೆಯಬೇಡಿ.

ಅಪ್ಪ 31 ವರ್ಷ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರು. ಈಗ ವಯಸ್ಸು 67. 2023ರ ಜೂನ್‌ನಲ್ಲಿ ಮೋಷನ್ ಜೊತೆ ರಕ್ತ ಬಂತು. ನಮ್ಮ ಮನೆಯವರನ್ನೆಲ್ಲ 20 ವರ್ಷದಿಂದ ನೋಡುವ ಡಾಕ್ಟರ ನರ್ಸಿಂಗ್ ಹೋಮಿಗೆ ಹೋದರು. ಅವರು ಕೂತಲ್ಲಿಂದಲೇ "ಪೈಲ್ಸ್" ಅಂದರು. ಮುಲಾಮು, ಇಸಬ್‌ಗೋಲ್, ಖಾರ ಕಮ್ಮಿ ಮಾಡಿ. ಆಗಸ್ಟ್‌ನಲ್ಲಿ ಮತ್ತೆ ಹೋದರು, ಮತ್ತೆ ಪೈಲ್ಸ್. ಅಕ್ಟೋಬರ್ ಹೊತ್ತಿಗೆ ಮನೆಯಿಂದ ರಸ್ತೆಗೆ ಹತ್ತುವುದಕ್ಕೇ ಏದುಸಿರು. ಹಿಮೋಗ್ಲೋಬಿನ್ 9.4 ಇತ್ತು. ಒಂದು ದಿನ ಅಡ್ಮಿಟ್ ಮಾಡಿಕೊಂಡು ಐರನ್ ಡ್ರಿಪ್ ಹಾಕಿ ಕಳಿಸಿದರು. ರಕ್ತ ಯಾಕೆ ಕಮ್ಮಿ ಆಯ್ತು ಅಂತ ಅವರು ನೋಡಲಿಲ್ಲ, ನಾವೂ ಕೇಳಲಿಲ್ಲ. 2024ರ ಜನವರಿ 22ಕ್ಕೆ ಕೊನೆಯ ಸಲ ಅಲ್ಲಿಗೆ ಹೋದದ್ದು.

ಆ ಏಪ್ರಿಲ್‌ನಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋಗುವಾಗ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದರು. ಹಾಗೇ ಮೈಸೂರಿಗೆ ಕರ್ಕೊಂಡು ಹೋದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ಗ್ಲೌಸ್ ಹಾಕಿ ಬೆರಳಿಟ್ಟು ನೋಡಿದರು. ಎರಡು ನಿಮಿಷ ಅಷ್ಟೇ. ಅವರ ಮುಖ ನೋಡಿದ ಕೂಡಲೇ ನನಗೆ ಅರ್ಥ ಆಯ್ತು. ಏಪ್ರಿಲ್ 18ಕ್ಕೆ ಬಯಾಪ್ಸಿ ಬಂತು. ಗುದನಾಳದ ಕ್ಯಾನ್ಸರ್, ಮೂರನೇ ಹಂತ. 5 ವಾರ ರೇಡಿಯೇಷನ್ ಮತ್ತು ಕೀಮೋ ಮಾತ್ರೆ, ಆಮೇಲೆ ಆಪರೇಷನ್. ಮಲ ಹೋಗಲು ಹೊಟ್ಟೆಯ ಮೇಲೆ ಚೀಲ ಇಟ್ಟಿದ್ದಾರೆ. ಅದು ಇನ್ನು ಜೀವನಪೂರ್ತಿ. ಸದ್ಯಕ್ಕೆ ಸ್ಕ್ಯಾನ್ ಕ್ಲೀನ್ ಇದೆ. ಸಾಲ ಮಾತ್ರ ಹಾಗೇ ಇದೆ.

ತಮ್ಮ ಕೇಸು ಹಾಕೋಣ ಅಂತ ಕೂತಿದ್ದಾನೆ. ಅಮ್ಮ ಬೇಡ ಅಂತಾರೆ. ತಮ್ಮ ಸಣ್ಣವನಿದ್ದಾಗ ಜ್ವರ ಏರಿ ಫಿಟ್ಸ್ ಆಗಿತ್ತು. ಜಡಿಮಳೆಯಲ್ಲಿ ರಾತ್ರಿ 2 ಗಂಟೆಗೆ ಜೀಪಿನಲ್ಲಿ ಬಂದು ಉಳಿಸಿಕೊಟ್ಟವರು ಇದೇ ಡಾಕ್ಟರು. "ಅವರನ್ನು ಕೋರ್ಟಿಗೆ ಎಳೀತೀಯಾ?" ಅಂತ ಅಮ್ಮ ಅವನನ್ನು ಕೇಳಿದರೆ ಅವನ ಹತ್ತಿರ ಉತ್ತರ ಇಲ್ಲ. ನನ್ನ ಹತ್ತಿರವೂ ಇಲ್ಲ. ಗೊತ್ತಿದ್ದವರು ಹೇಳಿ.

ರೊಬಸ್ಟಾ 3 ಎಕರೆ

ನಿಮ್ಮ ಅಪ್ಪ ಬೇಗ ಹುಷಾರಾಗಲಿ ತಂಗಿ. ಆದರೆ ನಾನು ನಿಮ್ಮ ಅಮ್ಮನ ಕಡೆ. ಕೊಡಗಿನಲ್ಲಿ ಈಗ ರಾತ್ರಿ ಹೊತ್ತು ಬಾಗಿಲು ತೆಗೆಯುವ ಡಾಕ್ಟರು ಎಷ್ಟು ಜನ ಉಳಿದಿದ್ದಾರೆ? ಮಕ್ಕಳ ಓದಿಗೆ ಅಂತ ಒಬ್ಬೊಬ್ಬರೇ ಮೈಸೂರಿಗೆ ಹೋಗ್ತಿದ್ದಾರೆ. ಇರುವವರ ಮೇಲೂ ಕೇಸು ಬಿದ್ದರೆ ನಾಳೆ ತಲೆನೋವು ಅಂದರೂ "ಮೈಸೂರಿಗೆ ಹೋಗಿ" ಅಂತ ಚೀಟಿ ಬರೆದು ಕೊಡ್ತಾರೆ. ಜೂನ್ ತಿಂಗಳಲ್ಲಿ ರಸ್ತೆಗೆ ಮರ ಬಿದ್ದಿರುವಾಗ ಆ ಚೀಟಿ ಹಿಡ್ಕೊಂಡು ಎಲ್ಲಿಗೆ ಹೋಗ್ತೀರಿ?

ಡಾಕ್ಟರೂ ಮನುಷ್ಯರೇ ಅಲ್ವಾ. ತಪ್ಪಾಗುತ್ತೆ.

ನೈಟ್ ಡ್ಯೂಟಿ

ನಾನು ನರ್ಸ್. 14 ವರ್ಷ ಆಯ್ತು. ಕೇಸು ಹಾಕಿ, ಬಿಡಿ, ಅದು ಆಮೇಲಿನ ಮಾತು. ಮೊದಲು ಅಕ್ಟೋಬರ್‌ನಲ್ಲಿ ಅಡ್ಮಿಟ್ ಆದ ದಿನದ ಕೇಸ್ ಶೀಟ್ ತೆಗೆಸಿ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿಮ್ಮದು 2023ರ ಅಕ್ಟೋಬರ್, ಇನ್ನೂ ಟೈಮ್ ಇದೆ.

ಶೀಟ್ ಸಿಕ್ಕಿದ ಮೇಲೆ "ಪಿ.ಆರ್." ಅಂತ ಒಂದು ಸಾಲು ಹುಡುಕಿ. ಬೆರಳಿಟ್ಟು ನೋಡುವ ಪರೀಕ್ಷೆಗೆ ಹಾಗೆ ಬರೀತಾರೆ. ಅದರ ಮುಂದೆ ಏನಿದೆ ಅನ್ನೋದು ಮುಖ್ಯ.

ಘಟ್ಟದ ಕೆಳಗೆ

ಎಂಥ ಕೇಸ್ ಶೀಟ್ ಮಾರಾಯ್ರೆ, ಸೀದಾ ಪೊಲೀಸ್ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡಿ. ಆಸ್ಪತ್ರೆಯ ಬೋರ್ಡಿನ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿ. ಎರಡೇ ದಿನದಲ್ಲಿ ಅವರೇ ಓಡಿ ಬರ್ತಾರೆ.

ಕರಿಕೋಟು, ಮಡಿಕೇರಿ

ಮೇಲಿನವರ ಮಾತು ಕೇಳಬೇಡಿ ಮೇಡಂ. ಫೇಸ್‌ಬುಕ್‌ಗೆ ಹಾಕಿದರೆ ನಿಮ್ಮ ಮೇಲೇ ಮಾನನಷ್ಟದ ನೋಟಿಸ್ ಬರಬಹುದು. ಪೊಲೀಸ್ ಕೇಸಿನ ವಿಷಯ ಸುಪ್ರೀಂ ಕೋರ್ಟ್ 2005ರಲ್ಲೇ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ತೀರಾ ಘೋರವಾದ ನಿರ್ಲಕ್ಷ್ಯ ಇರಬೇಕು. ಪೊಲೀಸರೂ ಮೊದಲು ಬೇರೆ ಡಾಕ್ಟರ ಅಭಿಪ್ರಾಯ ತಗೋಬೇಕು. ನಿಮ್ಮದು ಆ ದಾರಿಯದ್ದಲ್ಲ.

ನಿಮಗಿರುವುದು ಗ್ರಾಹಕರ ಆಯೋಗ. ದುಡ್ಡು ಕೊಟ್ಟು ತಗೊಂಡ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಬರುತ್ತೆ ಅಂತ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನ ಆಗಿದೆ. ಜಿಲ್ಲಾ ಆಯೋಗ ಮಡಿಕೇರಿಯಲ್ಲೇ ಇದೆ. ಆಸ್ಪತ್ರೆಗೆ ನೀವು ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ಅರ್ಜಿಗೆ ಶುಲ್ಕವೇ ಇಲ್ಲ. ಇಲ್ಲಿ ನೋಡುವುದು ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ. ತುಂಬಾ ಜನ ಇದನ್ನು ಉಲ್ಟಾ ತಿಳ್ಕೊಂಡಿರ್ತಾರೆ.

ಈಗ ಗಾಬರಿಯಾಗುವ ವಿಷಯ. ದೂರು ಕೊಡಲು 2 ವರ್ಷ ಅವಕಾಶ. ಎಲ್ಲಿಂದ ಎಣಿಸಬೇಕು? ಕ್ಯಾನ್ಸರ್ ಅಂತ ಗೊತ್ತಾದ 2024ರ ಏಪ್ರಿಲ್ 18ರಿಂದ ಅಂತ ನಾವು ವಾದ ಮಾಡಬಹುದು. ಆ ಕಡೆಯ ವಕೀಲರು ಸುಮ್ನೆ ಇರ್ತಾರಾ? ಕೊನೆಯ ಭೇಟಿ ಜನವರಿ 22, ಅಲ್ಲಿಂದ ಎಣಿಸಿ ಅಂತಾರೆ. ಹಾಗೆ ಎಣಿಸಿದರೆ ನಿಮಗೆ ಉಳಿದಿರುವುದು 16 ದಿನ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2010ರಲ್ಲಿ ಶ್ರೀಖಂಡೆ ಅನ್ನುವ ಸರ್ಜನ್ ಮೇಲಿನ ಕೇಸು ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. 1993ರಲ್ಲಿ ಪಿತ್ತಕೋಶದ ಆಪರೇಷನ್ ಆದ ಹೆಂಗಸಿನ ಹೊಟ್ಟೆಯಲ್ಲಿ ಗಾಜ್ ಬಟ್ಟೆ ಉಳಿದುಬಿಟ್ಟಿತ್ತು. ಅದು ಸಿಕ್ಕಿದ್ದು 2002ರಲ್ಲಿ, ದೂರು ಕೊಟ್ಟದ್ದು 2004ರಲ್ಲಿ. ಗೊತ್ತಾದ ದಿನದಿಂದ ಎಣಿಸಬಹುದು ಅನ್ನುವ ತತ್ವವನ್ನು ಕೋರ್ಟ್ ಒಪ್ಪಿತು. ಆದರೂ ಆಕೆ ಸ್ವತಃ ನರ್ಸ್, ಅಷ್ಟು ವರ್ಷ ನೋವಿದ್ದರೂ ಯಾಕೆ ವಿಚಾರಿಸಲಿಲ್ಲ ಅಂತ ಕೇಳಿ ದೂರನ್ನು ವಜಾ ಮಾಡಿತು.

ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಿಸಿ ಅಂತ ಕೇಳಲೂಬಹುದು. ಆದರೆ ಟೈಮ್ ಇರುವಾಗ ಆ ರಗಳೆ ಯಾಕೆ?

ರೈಟರ್ ಮಗಳು

16 ದಿನ ಅಂತ ಓದಿ ಕೈಕಾಲು ತಣ್ಣಗಾಯ್ತು. ಮೊದಲು ವಕೀಲರಿಂದ ನೋಟಿಸ್ ಕಳಿಸಬೇಕಲ್ಲ ಸರ್, ಅದಕ್ಕೇ 15 ದಿನ ಬೇಕಲ್ವಾ?

ಕರಿಕೋಟು, ಮಡಿಕೇರಿ

ಕಳಿಸುವುದು ರೂಢಿ, ಕಡ್ಡಾಯ ಅಲ್ಲ. ನಿಮ್ಮ ಕೇಸಿನಲ್ಲಿ ನೋಟಿಸ್‌ಗೆ ಕಾಯುತ್ತಾ ಕೂರುವುದು ಬೇಡ.

ಪಿಎಚ್‌ಸಿ ಡಾಕ್ಟ್ರು

ಬರೆಯಬೇಕಾ ಬೇಡವಾ ಅಂತ ಒಂದು ದಿನ ಯೋಚನೆ ಮಾಡಿದೆ. ನಾನೂ ಸಣ್ಣ ಊರಿನ ಡಾಕ್ಟರೇ. ನಾಳೆ ನನ್ನ ಮೇಲೂ ಇಂಥದ್ದೇ ಪೋಸ್ಟ್ ಬರಬಹುದು.

ರೋಗ ತಪ್ಪಾಗಿ ತಿಳಿದುಕೊಂಡದ್ದೇ ಅಪರಾಧ ಅಲ್ಲ. ರೋಗಿ ಹೇಳಿದ್ದನ್ನು ಕೇಳಿ, ನೋಡಬೇಕಾದ್ದನ್ನು ನೋಡಿ, ಆಮೇಲೂ ತಪ್ಪಿದರೆ ಕಾನೂನು ಅದನ್ನು ನಿರ್ಲಕ್ಷ್ಯ ಅನ್ನುವುದಿಲ್ಲ. ಅದೇ ಜಾಗದಲ್ಲಿ ಸಾಧಾರಣ ತಿಳಿವಳಿಕೆಯ ಇನ್ನೊಬ್ಬ ಡಾಕ್ಟರ್ ಏನು ಮಾಡ್ತಿದ್ದರು, ಇದು ಅಳತೆಗೋಲು.

ಆ ಅಳತೆಗೋಲು ಇಟ್ಟು ನೋಡಿದರೆ ನನಗೆ ಕಷ್ಟ ಆಗ್ತಿದೆ. ಜೂನ್‌ನಲ್ಲಿ ಪೈಲ್ಸ್ ಅಂದದ್ದು ಕ್ಷಮಿಸಬಹುದು. ನೂರು ಜನ ರಕ್ತ ಅಂತ ಬಂದರೆ ಬಹುಪಾಲು ಪೈಲ್ಸೇ ಇರುತ್ತೆ. ಆದರೂ ಬೆರಳಿಟ್ಟು ನೋಡಬೇಕಿತ್ತು. ಒಂದು ಗ್ಲೌಸ್, ಸ್ವಲ್ಪ ಜೆಲ್ಲಿ, ಇಷ್ಟೇ ಬೇಕಾದ್ದು. ಗುದನಾಳದ ಕೆಳಭಾಗದ ಗಂಟು ಎಷ್ಟೋ ಸಲ ಬೆರಳಿಗೇ ಸಿಗುತ್ತೆ. ಇನ್ನು ಅಕ್ಟೋಬರ್. ಅರವತ್ತು ದಾಟಿದ ಗಂಡಸು, ನಾಲ್ಕು ತಿಂಗಳಿಂದ ರಕ್ತ, ಹಿಮೋಗ್ಲೋಬಿನ್ 9.4. ಈ ಮೂರೂ ಒಟ್ಟಿಗೆ ಬಂದರೆ ಕರುಳಿನ ಕ್ಯಾಮೆರಾ ಟೆಸ್ಟ್‌ಗೆ ಕಳಿಸಬೇಕು ಅಂತ ನಮಗೆ ಎಂಬಿಬಿಎಸ್‌ನಲ್ಲೇ ಕಲಿಸಿರ್ತಾರೆ. ಪೈಲ್ಸ್ ಇರುವವರಿಗೂ ಕ್ಯಾನ್ಸರ್ ಇರಬಹುದು, ಒಂದಿದೆ ಅಂತ ಇನ್ನೊಂದು ಇಲ್ಲ ಅಂತಲ್ಲ. ಐರನ್ ಡ್ರಿಪ್ ಹಾಕಿ ಕಳಿಸಿದ್ದು ಸೋರುವ ಟ್ಯಾಂಕಿಗೆ ನೀರು ತುಂಬಿದ ಹಾಗೆ.

ಇನ್ನೊಂದನ್ನೂ ಹೇಳಬೇಕು, ನಿಮಗೆ ಬೇಜಾರಾಗಬಹುದು. ಚೀಲದ ವಿಷಯ. ಗಂಟು ಗುದದ್ವಾರಕ್ಕೆ ತೀರಾ ಹತ್ತಿರ ಇದ್ದರೆ ಮೊದಲೇ ಗೊತ್ತಾಗಿದ್ದರೂ ಚೀಲ ಬೇಕಾಗಿರಬಹುದಿತ್ತು. ಜೂನ್‌ನಲ್ಲಿ ಯಾವ ಹಂತದಲ್ಲಿತ್ತು ಅಂತ ಈಗ ಯಾರೂ ಖಚಿತವಾಗಿ ಹೇಳಲಾರರು. "ತಡವಾದದ್ದರಿಂದಲೇ ಇಷ್ಟೆಲ್ಲ ಆಯ್ತು" ಅಂತ ತೋರಿಸುವುದು ತಪ್ಪನ್ನು ತೋರಿಸುವುದಕ್ಕಿಂತ ಕಷ್ಟ. ಮೈಸೂರಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಗಂಟು ಎಷ್ಟು ಸೆಂಟಿಮೀಟರ್ ಮೇಲಿತ್ತು ಅಂತ ಬರೆದಿರ್ತಾರೆ. ಎಷ್ಟು ತಿಂಗಳಿಂದ ರಕ್ತ ಬರ್ತಿತ್ತು ಅಂತಲೂ ಇರುತ್ತೆ. ಅದನ್ನು ತೆಗೆದಿಟ್ಟುಕೊಳ್ಳಿ.

ರೊಬಸ್ಟಾ 3 ಎಕರೆ

ಡಾಕ್ಟ್ರೇ, ಹಾಗಾದರೆ ರಕ್ತ ಬಂದವರೆಲ್ಲ ಮೈಸೂರಿಗೆ ಹೋಗಿ ಸಾವಿರಾರು ರೂಪಾಯಿ ಸುರೀಬೇಕಾ? ಇದೇ ನಾನು ಹೇಳಿದ್ದು. ಕೇಸಿನ ಭಯಕ್ಕೆ ಎಲ್ಲರಿಗೂ ಎಲ್ಲ ಟೆಸ್ಟ್.

ಪಿಎಚ್‌ಸಿ ಡಾಕ್ಟ್ರು

ಎಲ್ಲರೂ ಅಂತ ನಾನು ಎಲ್ಲಿ ಹೇಳಿದೆ ಅಣ್ಣ? 25 ವರ್ಷದ ಹುಡುಗ ಎರಡು ಹನಿ ರಕ್ತ ಅಂತ ಬಂದರೆ ನಾನೂ ಇಸಬ್‌ಗೋಲೇ ಕೊಡ್ತೇನೆ. ವಯಸ್ಸಾಗಿರಬೇಕು, ರಕ್ತ ನಿಲ್ಲದೆ ಬರ್ತಿರಬೇಕು, ಮೈಯಲ್ಲಿ ರಕ್ತ ಇಳೀತಿರಬೇಕು. ಬೆರಳು ಪರೀಕ್ಷೆಗೆ ಮೈಸೂರೂ ಬೇಡ, ಸಾವಿರವೂ ಬೇಡ.

ಲೈನ್ ಮನೆ 7

ನಿಮ್ಮ ಹತ್ತಿರ ಚೀಟಿ ಆದರೂ ಇದೆ ಅಕ್ಕ. ನಮ್ಮ ಮಾವ ಸಿದ್ದಾಪುರ ಕಡೆಯ ತೋಟದಲ್ಲಿ ಕೆಲಸಕ್ಕಿದ್ದರು. ಜ್ವರ ಅಂತ ಸರ್ಕಾರಿ ಆಸ್ಪತ್ರೆಗೆ ಮೂರು ಸಲ ಹೋದರು. ಪ್ಯಾರಾಸಿಟಮಾಲ್ ಕೊಟ್ಟರು. ಇಲಿಜ್ವರ ಅಂತ ಗೊತ್ತಾಗುವಾಗ ಕಿಡ್ನಿ ಹೋಗಿತ್ತು. ಚೀಟಿ ಮಳೆಗೆ ನೆನೆದು ಹೋಯ್ತು. ಕೇಸು ಹಾಕಬಹುದು ಅಂತ ನಮಗೆ ಯಾರೂ ಹೇಳಲೇ ಇಲ್ಲ.

ಕರಿಕೋಟು, ಮಡಿಕೇರಿ

ಓದಿ ಸಂಕಟ ಆಯ್ತು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ. ಸಿವಿಲ್ ಕೋರ್ಟ್‌ಗೇ ಹೋಗಬೇಕು, ಇಲ್ಲ ಇಲಾಖೆಗೆ ದೂರು ಕೊಡಬೇಕು. ಕಾನೂನು ಸೇವಾ ಪ್ರಾಧಿಕಾರ ಮಡಿಕೇರಿ ಕೋರ್ಟಿನಲ್ಲಿದೆ. ನಿಮ್ಮ ಅತ್ತೆ ಹೋದರೆ ಆದಾಯ ಕೇಳದೆ ವಕೀಲರನ್ನು ಕೊಡ್ತಾರೆ, ಹೆಂಗಸರಿಗೆ ಆ ಹಕ್ಕಿದೆ. ಎಷ್ಟು ವರ್ಷ ಆಯ್ತು ಅಂತ ಮೊದಲು ನನಗೆ ಮೆಸೇಜ್ ಮಾಡಿ.

ಹಾರಂಗಿ ಹಿನ್ನೀರು

ನಾನು ಕೇಸು ಹಾಕಿ ಸೋತವನು. ಆ ಕಡೆಯದ್ದೂ ಒಂದು ಮಾತು ಇರಲಿ.

ನಮ್ಮ ಅಮ್ಮನಿಗೆ ಎದೆನೋವು ಬಂದಾಗ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು. ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ, ಯಾರಿಗೆ ತೋಚುತ್ತೆ ಆ ಹೊತ್ತಿನಲ್ಲಿ? ಹಾರ್ಟ್ ಅಟ್ಯಾಕೇ ಅಂತ ಸಾಬೀತು ಮಾಡಲು ಆಗಲಿಲ್ಲ. ಒಬ್ಬ ಡಾಕ್ಟರೂ ನಮ್ಮ ಪರವಾಗಿ ಒಂದು ಕಾಗದ ಬರೆದುಕೊಡಲಿಲ್ಲ. ಬಾಯಲ್ಲಿ ಎಲ್ಲರೂ "ಹೌದು, ತಪ್ಪಾಗಿದೆ" ಅಂದರು. ನಾಲ್ಕು ವರ್ಷ ಹಿಡೀತು.

ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ. ಅಮ್ಮನನ್ನು ನೆನೆಸಿಕೊಂಡರೆ ಈಗ ಮೊದಲು ಕಣ್ಣಿಗೆ ಬರುವುದು ಮಡಿಕೇರಿಯ ಆ ಬೆಂಚು, ಕೈಯಲ್ಲಿದ್ದ ನೀಲಿ ಫೈಲು. ಅಮ್ಮನ ಮುಖ ಆಮೇಲೆ ಬರುತ್ತೆ.

ಇಷ್ಟಾದರೂ ನಿಮಗೆ ಬೇಡ ಅನ್ನಲಾರೆ. ನಿಮ್ಮ ಹತ್ತಿರ ಬಯಾಪ್ಸಿ ಇದೆ. ನನ್ನ ಹತ್ತಿರ ಏನೂ ಇರಲಿಲ್ಲ.

ಕರಿಕೋಟು, ಮಡಿಕೇರಿ

ತಜ್ಞರ ಅಭಿಪ್ರಾಯದ ಬಗ್ಗೆ ಒಂದು ಮಾತು. 2009ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಯೋಗ ಡಾಕ್ಟರಿಗೆ ನೋಟಿಸ್ ಕಳಿಸುವ ಮೊದಲೇ ತಜ್ಞರನ್ನು ಕೇಳಬೇಕು ಅಂದಿತ್ತು. ಮರುವರ್ಷ ಕಿಶನ್ ರಾವ್ ಪ್ರಕರಣದಲ್ಲಿ, ಎಲ್ಲ ಕೇಸಿಗೂ ಅದು ಬೇಕಿಲ್ಲ ಅಂತ ಹೇಳಿತು. ಆ ಕೇಸು ಹೆಚ್ಚುಕಮ್ಮಿ ನಿಮ್ಮದರ ಹಾಗೇ. ಹೆಂಗಸಿಗೆ ಚಳಿಜ್ವರ ಇತ್ತು, ಟೈಫಾಯ್ಡ್ ಅಂತ ಔಷಧಿ ಕೊಟ್ಟರು, ಇದ್ದದ್ದು ಮಲೇರಿಯಾ. ಆಕೆ ತೀರಿಕೊಂಡರು. ತಪ್ಪು ಎದ್ದು ಕಾಣುತ್ತಿದ್ದರೆ ಆಯೋಗವೇ ದಾಖಲೆ ನೋಡಿ ತೀರ್ಮಾನ ಮಾಡಬಹುದು ಅಂತ ಹೇಳಿ, ಜಿಲ್ಲಾ ವೇದಿಕೆ (ಈಗಿನ ಜಿಲ್ಲಾ ಆಯೋಗ) ಕೊಟ್ಟಿದ್ದ 2 ಲಕ್ಷದ ಪರಿಹಾರವನ್ನು ಎತ್ತಿಹಿಡಿಯಿತು.

ಅದನ್ನೇ ನಂಬಿ ಕೂರಬೇಡಿ. ಒಬ್ಬ ಡಾಕ್ಟರ ಕಾಗದ ಸಿಕ್ಕಿದರೆ ಬಲ ಜಾಸ್ತಿ. ಊರಿನವರು ಕೊಡುವುದಿಲ್ಲ. ಹೊರಜಿಲ್ಲೆಯ ನಿವೃತ್ತ ಪ್ರೊಫೆಸರ್ ಯಾರನ್ನಾದರೂ ಹಿಡಿಯಿರಿ.

ಅಂದ ಹಾಗೆ, ಕೇಸಿಗೆ ಹೊರತಾದ ದಾರಿಗಳೂ ಇವೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅವರು ಡಾಕ್ಟರಿಗೆ ಎಚ್ಚರಿಕೆ ಕೊಡಬಹುದು, ನೋಂದಣಿಯನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು. ಪರಿಹಾರ ಕೊಡಿಸಲಾರರು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಾಧಿಕಾರಕ್ಕೂ ಕೊಡಬಹುದು, ಖಾಸಗಿ ಆಸ್ಪತ್ರೆಗಳ ನೋಂದಣಿ ಅವರ ಕೈಯಲ್ಲೇ.

ಘಟ್ಟದ ಕೆಳಗೆ

ಆಯೋಗದಲ್ಲೇ ರಾಜಿ ಮಾಡಿಸ್ತಾರಂತಲ್ಲ, ಹೊಸ ಕಾನೂನಿನಲ್ಲಿ? ಅದೇ ಬೆಸ್ಟ್.

ಕರಿಕೋಟು, ಮಡಿಕೇರಿ

ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ಗಂಭೀರ ಗಾಯ ಆದ ಪ್ರಕರಣಗಳನ್ನು ಆ ಮಧ್ಯಸ್ಥಿಕೆಗೆ ಕಳಿಸುವುದಿಲ್ಲ ಅಂತ 2020ರ ನಿಯಮದಲ್ಲೇ ಇದೆ. ಹೊರಗೆ ನೀವು ನೀವೇ ಕೂತು ಮಾತಾಡಿದರೆ ಬೇಡ ಅನ್ನುವವರಿಲ್ಲ.

ನೈಟ್ ಡ್ಯೂಟಿ

ನನ್ನದೊಂದು ಪ್ರಶ್ನೆ. ಎಲ್ಲರೂ ಅಮ್ಮ ಏನಂದರು, ತಮ್ಮ ಏನಂದ ಅಂತಿದ್ದೀರಿ. ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡಿರುವವರು ಏನಂತಾರೆ? ಅಪ್ಪನನ್ನು ಕೇಳಿದ್ರಾ?

ರೈಟರ್ ಮಗಳು (ಜನವರಿ 7, ರಾತ್ರಿ 11.15)

ಇಲ್ಲ. ಕೇಳಿಲ್ಲ. ಓದಿ ನಾಚಿಕೆ ಆಯ್ತು.

ರೈಟರ್ ಮಗಳು (ಜನವರಿ 11, ಸಂಜೆ 6.20)

ಎರಡು ಸುದ್ದಿ ಇದೆ. ಉದ್ದ ಆಗುತ್ತೆ, ಕ್ಷಮಿಸಿ.

ಕೇಸ್ ಶೀಟ್ ಸಿಕ್ಕಿತು. ಕೌಂಟರಿನ ಹುಡುಗಿ ಮೊದಲು ಇಲ್ಲ ಅಂದಳು, 72 ಗಂಟೆಯ ನಿಯಮ ಬರೆದ ಅರ್ಜಿ ನೋಡಿ ಒಳಗೆ ಹೋದಳು, ಮೂರನೇ ದಿನ ಕೊಟ್ಟರು. ನೈಟ್ ಡ್ಯೂಟಿ ಅಕ್ಕ, ನೀವು ಹೇಳಿದ ಸಾಲು ಇದೆ. "ಪಿ.ಆರ್." ಮುಂದೆ "ಡಿಫರ್ಡ್" ಅಂತ ಬರೆದಿದ್ದಾರೆ.

ಎರಡನೆಯದು ಅಪ್ಪನ ಡೈರಿ. ತೋಟದ ರೈಟರ್ ಅಂದರೆ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಚೆಕ್‌ರೋಲ್ (ಆಳುಗಳ ಹಾಜರಿ), ಸಂಜೆ ಮಳೆ ಲೆಕ್ಕ. ನಿವೃತ್ತಿ ಆದ ಮೇಲೂ ಅಪ್ಪ ಬಿಟ್ಟಿಲ್ಲ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟು ದಿನಾ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬರೀತಾರೆ. ಅದರ ಕೆಳಗೆ ಆ ದಿನದ್ದು ಒಂದೆರಡು ಸಾಲು. ಕೇಳಿದೆ, ಮಾತಾಡದೆ ಎದ್ದು ಹೋಗಿ ತಂದುಕೊಟ್ಟರು.

2023 ಜೂನ್ 12: "ಮಳೆ 40 ಸೆಂಟ್. ಡಾಕ್ಟರ್. ಪೈಲ್ಸ್. ಮುಲಾಮು. 200 ರೂ."

ಆಗಸ್ಟ್ 3: "ಮಳೆ 1 ಇಂಚು 15. ಡಾಕ್ಟರ್. ರಕ್ತ ನಿಂತಿಲ್ಲ ಎಂದೆ. ಅದೇ ಮುಲಾಮು."

ಅಕ್ಟೋಬರ್ 19: "ಮಳೆ ಇಲ್ಲ. ಅಡ್ಮಿಟ್. ರಕ್ತ 9.4. ವಯಸ್ಸಿನದು ಎಂದರು."

2024 ಜನವರಿ 22: "ಮಳೆ ಇಲ್ಲ. ಡಾಕ್ಟರ್. ಮೈಸೂರಿಗೆ ಹೋಗಿ ಕ್ಯಾಮೆರಾ ಟೆಸ್ಟ್ ಮಾಡಿಸಿ ಎಂದರು. ಕುಯ್ಲು ಮುಗಿಯಲಿ."

ಈ ಕೊನೆಯದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೂ ಹೇಳಿಲ್ಲ. ನಮ್ಮದು ಒಂದೂವರೆ ಎಕರೆ ತೋಟ, ಕೆಲಸಕ್ಕೆ ಜನ ಸಿಗ್ತಿರಲಿಲ್ಲ. ಅದಕ್ಕೆ ಮೂರು ತಿಂಗಳು ಮುಂದೆ ಹಾಕಿದ್ದಾರೆ.

ಘಟ್ಟದ ಕೆಳಗೆ

ಆ ಒಂದು ಪುಟ ಹರಿದು ಬಿಸಾಕಿ. ಉಳಿದದ್ದು ಚಿನ್ನದಂಥ ಸಾಕ್ಷಿ.

ಕರಿಕೋಟು, ಮಡಿಕೇರಿ

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಪುಟ ಹರಿದ ಡೈರಿಗೆ ಬೆಲೆ ಏನು? ಅಲ್ಲದೆ ಆ ದಿನದ ರೆಫರಲ್ ಚೀಟಿಯ ನಕಲು ಆಸ್ಪತ್ರೆಯಲ್ಲಿದ್ದರೆ ಅವರೇ ತಂದು ಇಡ್ತಾರೆ. ಆಗ ನಿಮ್ಮ ಅಪ್ಪ ಹೇಳಿದ ಮಿಕ್ಕ ಸತ್ಯವೂ ಸುಳ್ಳಾಗಿ ಕಾಣುತ್ತೆ.

ಆ ಸಾಲಿನಿಂದ ಕೇಸು ಸಾಯುವುದೂ ಇಲ್ಲ. ಜೂನ್‌ನಿಂದ ಜನವರಿವರೆಗೆ 7 ತಿಂಗಳು ಡಾಕ್ಟರ ಲೆಕ್ಕ. ಜನವರಿಯಿಂದ ಏಪ್ರಿಲ್‌ವರೆಗೆ ನಿಮ್ಮ ಲೆಕ್ಕ. ಪರಿಹಾರ ಕಮ್ಮಿ ಆಗಬಹುದು. ಡೈರಿ ಒಂದೇ ಸಾಕಾಗುವುದಿಲ್ಲ. ಚೀಟಿ, ಬಿಲ್ಲು, ಕೇಸ್ ಶೀಟ್ ಜೊತೆ ತಾರೀಕು ತಾಳೆಯಾದರೆ ತೂಕ ಬರುತ್ತೆ.

ರೊಬಸ್ಟಾ 3 ಎಕರೆ

ನೋಡಿ, ಡಾಕ್ಟರು ಹೇಳಿದ್ದಾರೆ. ಇವರೇ ಹೋಗಲಿಲ್ಲ. ಇನ್ನೇನು ಕೇಸು?

ಪಿಎಚ್‌ಸಿ ಡಾಕ್ಟ್ರು

ಹೇಳಿದ್ದಾರೆ, ಸರಿ. ಹೇಗೆ ಹೇಳಿದರು? "ಆದಾಗ ಒಂದು ಸಲ ಮಾಡಿಸಿ" ಅಂದರಾ, "ಕ್ಯಾನ್ಸರ್ ಇರಬಹುದು, ಈ ವಾರವೇ ಹೋಗಿ" ಅಂದರಾ? 20 ವರ್ಷ ನಂಬಿದ ಡಾಕ್ಟರ್ ಗಟ್ಟಿಯಾಗಿ ಹೇಳಿದ್ದರೆ ಇವರು ಕುಯ್ಲಿಗೆ ಕಾಯ್ತಿದ್ರಾ? ರೋಗಿ ಹೆದರಬಾರದು ಅಂತ ನಾವು ಮೆತ್ತಗೆ ಹೇಳ್ತೇವೆ, ಅವರು ಅದನ್ನು ಮೆತ್ತಗೇ ತಗೊಳ್ತಾರೆ. ನಾನೂ ಹಾಗೆ ಮಾಡಿದ್ದೇನೆ, ಇನ್ನು ಮಾಡಬಾರದು ಅನ್ನಿಸ್ತಿದೆ. "ಡಿಫರ್ಡ್" ಅಂದರೆ ಆಮೇಲೆ ನೋಡೋಣ ಅಂತ ಬಿಟ್ಟದ್ದು. ಆ ಆಮೇಲೆ ಬರಲೇ ಇಲ್ಲ.

ಹಾರಂಗಿ ಹಿನ್ನೀರು

ರೊಬಸ್ಟಾ ಅಣ್ಣ, ಜನವರಿಯಲ್ಲಿ ಕುಯ್ಲು ಬಿಟ್ಟು ನೀವು ಮೈಸೂರಿಗೆ ಹೋಗ್ತೀರಾ? ಎದೆ ಮುಟ್ಟಿ ಹೇಳಿ.

ರೈಟರ್ ಮಗಳು

ಅಪ್ಪನ ಜೊತೆ ನಿನ್ನೆ ರಾತ್ರಿ ಕೂತು ಮಾತಾಡಿದೆ. ಮೊದಲು ಡಾಕ್ಟರನ್ನು ನೋಡಬೇಕು ಅಂದರು. ಇವತ್ತು ತಮ್ಮನನ್ನು ಬಿಟ್ಟು ನಾವಿಬ್ಬರೇ ಹೋದೆವು.

ಡಾಕ್ಟರು ಎದ್ದು ನಿಂತರು. ಅಪ್ಪನ ಕೈ ಹಿಡ್ಕೊಂಡರು. ಅಪ್ಪ ಏನೂ ಬೈಯಲಿಲ್ಲ. "ಅಕ್ಟೋಬರ್‌ನಲ್ಲಿ ಯಾಕೆ ನೋಡಲಿಲ್ಲ ಸರ್?" ಅಂತ ಅಷ್ಟೇ ಕೇಳಿದರು. ಡಾಕ್ಟರು ತುಂಬಾ ಹೊತ್ತು ಸುಮ್ನಿದ್ದರು. ಆಮೇಲೆ, "ನಾನು ಈ ವಿಷಯ ಮಾತಾಡಬಾರದು ಅಂತ ನಮ್ಮ ವಕೀಲರು ಹೇಳಿದ್ದಾರೆ" ಅಂದರು. ಕೇಸ್ ಶೀಟ್ ಕೇಳಿದ ದಿನವೇ ಅವರು ವಕೀಲರಿಗೆ ಫೋನ್ ಮಾಡಿರಬೇಕು.

ಅಪ್ಪ ಹೊರಗೆ ಬಂದು ಜೀಪ್ ಹತ್ತುವವರೆಗೂ ಮಾತಾಡಲಿಲ್ಲ. ಆಮೇಲೆ, "ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರೆ ಸಾಕಿತ್ತು. ಅರ್ಜಿ ಹಾಕು. ಜನವರಿಯದ್ದನ್ನೂ ಬರೀಬೇಕು" ಅಂದರು.

ಕರಿಕೋಟು, ಮಡಿಕೇರಿ

ಡಾಕ್ಟರಿಗೆ ಹಾಗೆ ಹೇಳಿಕೊಡುವುದು ಮಾಮೂಲು. ಅವರಿಗೆ ಇನ್ಶೂರೆನ್ಸ್ ಇದ್ದರೆ ಕಂಪನಿಯೂ ಅದನ್ನೇ ಹೇಳುತ್ತೆ, ತಪ್ಪು ಒಪ್ಪಿಕೊಳ್ಳಬೇಡಿ ಅಂತ. ಆ ಇನ್ಶೂರೆನ್ಸ್ ಇದ್ದರೆ ಪರಿಹಾರ ಕಟ್ಟುವುದು ಬಹುಶಃ ಕಂಪನಿಯೇ, ಇದನ್ನು ನಿಮ್ಮ ಅಮ್ಮನಿಗೆ ಹೇಳಿ. ಡಾಕ್ಟರ ಮನೆ ಹರಾಜಾಗುತ್ತೆ ಅಂತ ಅವರು ಭಯಪಟ್ಟಿದ್ದರೆ ಸ್ವಲ್ಪ ಸಮಾಧಾನ ಆಗಬಹುದು.

ದೂರುದಾರರು ನಿಮ್ಮ ಅಪ್ಪ. ಸಹಿ ಅವರದ್ದೇ, ಅಫಿಡವಿಟ್ಟೂ ಅವರದ್ದೇ. ತಾರೀಕಿನ ಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿ, ರೈಟರಿಗಿಂತ ಚೆನ್ನಾಗಿ ಯಾರು ಬರೀತಾರೆ? ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು. ನಿಮ್ಮಲ್ಲಿ ನೆಟ್‌ವರ್ಕ್ ನೆಚ್ಚಿಕೊಂಡು ಕೊನೆಯ ದಿನದವರೆಗೆ ಕಾಯಬೇಡಿ.

ರೈಟರ್ ಮಗಳು (ಜನವರಿ 19, ರಾತ್ರಿ 8.05)

ಆಯ್ತು. ಮಡಿಕೇರಿಗೇ ಹೋಗಿ ಕೊಟ್ಟು ಬಂದೆವು. ಅಪ್ಪನಿಗೆ ಬಸ್ಸಿನ ಕುಲುಕಾಟಕ್ಕೆ ಚೀಲ ಸಡಿಲ ಆಗಿತ್ತು, ಮೂರ್ನಾಡಿನಲ್ಲಿ ಇಳಿದು ಸರಿ ಮಾಡಿಕೊಂಡು ಮುಂದಿನ ಬಸ್ಸು ಹತ್ತಿದೆವು. ಅಮ್ಮ ಬರಲಿಲ್ಲ. ಊಟ ಕಟ್ಟಿಕೊಟ್ಟರು, ಅಷ್ಟೇ.

ಇವತ್ತಿನ ಡೈರಿ: "ಮಳೆ ಇಲ್ಲ. ಮಡಿಕೇರಿ. ಅರ್ಜಿ ಕೊಟ್ಟೆ. ಕುಯ್ಲಿಗೆ ನಾಳೆ 4 ಆಳು."

ರೊಬಸ್ಟಾ 3 ಎಕರೆ

ಒಳ್ಳೆಯದಾಗಲಿ ತಂಗಿ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೆ ನಿಮ್ಮ ಅಪ್ಪ ಜನವರಿಯದ್ದನ್ನೂ ಬರೆದದ್ದು ನನಗೆ ಹಿಡಿಸಿತು.

ಪಿಎಚ್‌ಸಿ ಡಾಕ್ಟ್ರೇ, ಬೇರೆ ವಿಷಯ. ನನಗೆ 58. ದೀಪಾವಳಿಯಿಂದ ಆಗಾಗ ರಕ್ತ ಬರ್ತಿದೆ. ಪೈಲ್ಸ್ ಅಂತ ನಾನೇ ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ತಿದ್ದೆ. ಹಾರಂಗಿಯವರು ಎದೆ ಮುಟ್ಟಿ ಹೇಳಿ ಅಂದಾಗಿಂದ ನಿದ್ದೆ ಬರ್ತಿಲ್ಲ. ಆ ಕ್ಯಾಮೆರಾ ಟೆಸ್ಟ್‌ಗೆ ಹಿಂದಿನ ದಿನ ಊಟ ಬಿಡಬೇಕಾ?

ಪಿಎಚ್‌ಸಿ ಡಾಕ್ಟ್ರು

ಮುಲಾಮು ಅಲ್ಲಿಡಿ. ನಾಳೆಯೇ ಹತ್ತಿರದ ಡಾಕ್ಟರ ಹತ್ತಿರ ಹೋಗಿ, ಬೆರಳಿಟ್ಟು ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಹಿಮೋಗ್ಲೋಬಿನ್ ಮಾಡಿಸಿ. ಟೆಸ್ಟ್‌ಗೆ ಹಿಂದಿನ ದಿನ ಗಂಜಿನೀರು, ಎಳನೀರಿನಂಥ ತೆಳು ಪದಾರ್ಥ ಮಾತ್ರ, ಹೊಟ್ಟೆ ತೊಳೆಯುವ ಔಷಧಿ ಅವರೇ ಕೊಡ್ತಾರೆ. ಐರನ್ ಮಾತ್ರೆ ತಗೊಳ್ತಿದ್ದರೆ ಒಂದು ವಾರ ಮೊದಲೇ ನಿಲ್ಲಿಸಬೇಕು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಅವರನ್ನು ಕೇಳಿ. ನಿದ್ದೆ ಬರುವ ಇಂಜೆಕ್ಷನ್ ಕೊಡ್ತಾರೆ, ಅದಕ್ಕೆ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ. ಆ ದಿನ ಜೀಪ್ ನೀವು ಓಡಿಸಬಾರದು.